ಬಾಲಿಯ ಗುಡಿಗಳ ಹೊರಬಾಗಿಲಲ್ಲಿ

ನಮ್ಮ ಯಜಮಾನರಿಗೆ ಬಂಗಾರಪೇಟೆ ಬಜಾರಿನಲ್ಲಿ ಪೇಂಟ್ ಅಂಗಡಿ. ಆ ವರ್ಷ ಒಂದು ಪೇಂಟ್ ಕಂಪನಿಯವರು ಹೆಚ್ಚು ಡಬ್ಬ ಮಾರಿದ ಅಂಗಡಿಯವರನ್ನು ಜೋಡಿಯಾಗಿ ಬಾಲಿ ದ್ವೀಪಕ್ಕೆ ಕರೆದೊಯ್ಯುವುದಾಗಿ ಹೇಳಿದರು. ಪಟ್ಟಿಯಲ್ಲಿ ನಮ್ಮವರ ಹೆಸರೂ ಬಂತು. ರೈಲ್ವೆ ಸ್ಟೇಷನ್ನಿನಿಂದ ಹಿಡಿದು ಪಾನಿಪೂರಿ ಗಾಡಿಯವರೆಗೆ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದವರು, ಟಿಕೆಟ್ ಮಾಡಿಸುವ ಹೊತ್ತಿಗೆ ಮೆತ್ತಗಾದರು. ಮದುವೆ ಸೀಸನ್ನು, ಮನೆಮನೆಗೂ ಬಣ್ಣ ಹೊಡೆಸುತ್ತಾರೆ, ಅಂಗಡಿ ಬಿಟ್ಟು ಬರುವುದಕ್ಕಾಗುವುದಿಲ್ಲ, ನೀನು ಅಮ್ಮನನ್ನು ಕರೆದುಕೊಂಡು ಹೋಗು ಎಂದರು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ, ಗಂಡನಿಗೆ ವಿಮಾನವೆಂದರೆ ಕೈಕಾಲು ನಡುಗುತ್ತದೆ ಎನ್ನುವುದು ಗೊತ್ತಿಲ್ಲದೆ ಇರುತ್ತದೆಯೇ? ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ಅತ್ತೆಯ ಪಾಸ್‌ಪೋರ್ಟಿಗೆ ಓಡಾಡಿದೆ. ಎಪ್ಪತ್ತಮೂರು ವರ್ಷದ ಅತ್ತೆ ಆ ಫೋಟೋಕ್ಕೆ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದರು.

ಅತ್ತೆ ಮದುವೆಯಾಗಿ ಬಂದದ್ದು ಕೆಜಿಎಫ್‌ನ ನಂದಿದುರ್ಗ ಗಣಿಯ ಲೈನು ಮನೆಗೆ. ಒಂದು ರೂಮು, ಒಂದು ಅಡುಗೆಮನೆ. ಅಷ್ಟರಲ್ಲೇ ಎರಡು ಸಂಸಾರ, ನಮ್ಮ ಮಾವನದು ಮತ್ತು ಮಾವನ ಅಣ್ಣನದು. ಅಣ್ಣತಮ್ಮ ಇಬ್ಬರೂ ಗಣಿಗೆ ಇಳಿಯುವವರೇ, ಆದರೆ ಬೇರೆ ಬೇರೆ ಶಿಫ್ಟು. ಹೀಗಾಗಿ ಮನೆಯಲ್ಲಿ ಸದಾ ಒಬ್ಬ ಗಂಡಸು ಮಲಗಿರುತ್ತಿದ್ದ, ಇನ್ನೊಬ್ಬನಿಗೆ ಬುತ್ತಿ ಕಟ್ಟಬೇಕಿತ್ತು, ಮಕ್ಕಳ ಗಲಾಟೆಯಂತೂ ಇದ್ದೇ ಇತ್ತು. ಇಬ್ಬರು ಹೆಂಗಸರೂ ಒಟ್ಟಿಗೆ ಹೊಸಿಲು ದಾಟುವ ಹಾಗೇ ಇರಲಿಲ್ಲ. ಸಿನಿಮಾ ಆಗಲಿ, ಮದುವೆ ಆಗಲಿ, ಒಬ್ಬಳು ಹೋಗಬೇಕು, ಒಬ್ಬಳು ಮನೆಯಲ್ಲಿರಬೇಕು. ಹೋದವಳು ಬಂದು ಇದ್ದವಳಿಗೆ ಒಂದೂ ಬಿಡದೆ ಹೇಳಬೇಕು. ಅದು ಅವರಿಬ್ಬರ ಕರಾರು. ಅತ್ತೆ ತಮ್ಮ ಕಾಲದ ಸಿನಿಮಾಗಳಲ್ಲಿ ಅರ್ಧದಷ್ಟನ್ನು ನೋಡಿಯೇ ಇಲ್ಲ. ಆದರೆ ಯಾವ ಹಾಡಿನಲ್ಲಿ ನಾಯಕಿ ಯಾವ ಸೀರೆ ಉಟ್ಟಿದ್ದಳು ಎಂದು ಈಗಲೂ ಹೇಳುತ್ತಾರೆ.

ಆ ಓರಗಿತ್ತಿಯನ್ನು ಅತ್ತೆ ಅಕ್ಕ ಎನ್ನುತ್ತಿದ್ದರು, ನನಗೆ ಅವರು ದೊಡ್ಡತ್ತೆ. ಗಣಿ ನಿಂತ ಮೇಲೆ ನಾವು ಬಂಗಾರಪೇಟೆಗೆ ಬಂದೆವು. ಅವರು ಕಾಮಸಮುದ್ರದ ಹತ್ತಿರ ನಮ್ಮ ಹಳ್ಳಿಗೆ ಹೋಗಿ, ಮಗ ಸೊಸೆಯ ಜೊತೆ ಹಸು ಕಟ್ಟಿಕೊಂಡು ಹಾಲು ಹಾಕುತ್ತಿದ್ದರು. ಆರೇಳು ವರ್ಷದ ಕೆಳಗೆ ದೊಡ್ಡತ್ತೆಯ ಕಣ್ಣು ಪೂರ್ತಿ ಹೋಯಿತು. ಅಲ್ಲಿಂದ ನೋಡುವ ಸರದಿಯೆಲ್ಲ ನಮ್ಮತ್ತೆಯದೇ ಆಯಿತು. ತಿಂಗಳಿಗೆ ಎರಡು ಸಲ ಬಸ್ಸು ಹತ್ತಿ ಹೋಗಿ, ಕಂಡದ್ದನ್ನೆಲ್ಲ ಹೇಳಿ ಸಂಜೆ ಬಸ್ಸಿಗೆ ಬರುತ್ತಿದ್ದರು. ಪ್ರವಾಸಕ್ಕೆ ಹೊರಡುವ ಮುಂಚೆ ನಾನೂ ಜೊತೆಗೆ ಹೋಗಿದ್ದೆ. ದೊಡ್ಡತ್ತೆಗೆ ಆಗ ಸ್ವಲ್ಪ ಉಬ್ಬಸವಿತ್ತು. ಅತ್ತೆಯ ಕೈ ಹಿಡಿದುಕೊಂಡು, “ಸಮುದ್ರ ದಾಟ್ಕೊಂಡು ಓಗ್ತಿದ್ದೀಯ. ಅರ್ಧಂಬರ್ಧ ನೋಡ್ಕೊಂಡು ಬರ್ಬೇಡ ಕಣೇ,” ಎಂದರು.

ಬಾಲಿಯಲ್ಲಿ ಮೊದಲ ಎರಡು ದಿನ ಕಂಪನಿಯವರು ನಮ್ಮನ್ನು ಬಸ್ಸಿನಲ್ಲಿ ತುಂಬಿಕೊಂಡು ಬೀಚು, ಮಾಲು, ಮತ್ತೆ ಬೀಚು ಎಂದು ತಿರುಗಿಸಿದರು. ಬೀಚಿನಲ್ಲಿ ಅರೆಬಟ್ಟೆಯಲ್ಲಿ ಬಿದ್ದುಕೊಂಡಿದ್ದ ಬಿಳಿಯರನ್ನು ಕಂಡು ಅತ್ತೆ, ಇದನ್ನು ಅಕ್ಕನಿಗೆ ಹೇಳೋದೋ ಬೇಡವೋ ಎಂದು ಬಹಳ ಯೋಚಿಸಿದರು. ಆದರೆ ಅವರ ಕಣ್ಣೆಲ್ಲ ಇದ್ದದ್ದು ಗುಡಿಗಳ ಮೇಲೆ. ಅಲ್ಲಿ ಗುಡಿಯಿಲ್ಲದ ಬೀದಿಯೇ ಇಲ್ಲ. ಪ್ರತಿ ಮನೆಗೊಂದು ಗುಡಿ, ಪ್ರತಿ ಅಂಗಡಿಯ ಮುಂದೆ ಬೆಳಿಗ್ಗೆ ತೆಂಗಿನ ಎಳೆಗರಿಯ ಪುಟ್ಟ ತಟ್ಟೆ, ಅದರಲ್ಲಿ ನಾಲ್ಕು ಬಣ್ಣದ ಹೂವು, ಎರಡು ಅಗುಳು ಅನ್ನ, ಒಂದು ಊದುಕಡ್ಡಿ. ಫುಟ್‌ಪಾತಿನಲ್ಲೂ ಇಟ್ಟಿರುತ್ತಾರೆ. ಅತ್ತೆ ಸೀರೆ ಎತ್ತಿಕೊಂಡು, ಒಂದನ್ನೂ ತುಳಿಯದ ಹಾಗೆ ದಾಟುತ್ತ ಅರ್ಧ ಫರ್ಲಾಂಗಿಗೆ ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದರು. ಮೂರನೆಯ ದಿನ ಗುಂಪಿನವರು ನೀರಾಟಕ್ಕೆ ಹೊರಟಾಗ, ನಾನು ಹೋಟೆಲಿನವರಿಗೆ ಹೇಳಿ, ಗುಡಿ ನೋಡಲು ಒಂದು ದಿನಕ್ಕೆ ಕಾರು ಗೊತ್ತುಮಾಡಿದೆ.

ಅವತ್ತು ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋಗಿದ್ದಾಗ ಯಜಮಾನರ ಫೋನು ಬಂತು. ನಮ್ಮಲ್ಲಿ ಇನ್ನೂ ಸರಿಯಾಗಿ ಬೆಳಕಾಗಿರದ ಹೊತ್ತು. ದೊಡ್ಡಮ್ಮ ಬೆಳಗಿನ ಜಾವ ಹೋಗಿಬಿಟ್ಟರು, ಮಲಗಿದವರು ಏಳಲೇ ಇಲ್ಲ, ನಾನು ಊರಿಗೆ ಹೊರಟಿದ್ದೇನೆ, ಮಧ್ಯಾಹ್ನ ಮೂರಕ್ಕೆ ಮಣ್ಣು ಎಂದರು. “ಅಮ್ಮಂಗೆ ಏಳ್ಬೇಡ. ಇವತ್ತೊಂದು ದಿನ ಗುಡಿ ನೋಡ್ಕೊಳ್ಲಿ. ಬಂದ್ಮೇಲೆ ನಾನೇ ಏಳ್ತೀನಿ,” ಎಂದರು.

ಹೇಳಬೇಡ ಎನ್ನುವುದು ಸುಲಭ. ಬಚ್ಚಲಿನಿಂದ ಅತ್ತೆ ಗುನುಗುತ್ತಿರುವುದು ಕೇಳುತ್ತಿತ್ತು. ಹೇಳಿದರೂ ಅವರನ್ನು ಮಧ್ಯಾಹ್ನ ಮೂರರೊಳಗೆ ಊರು ಮುಟ್ಟಿಸುವ ವಿಮಾನ ಇರಲಿಲ್ಲ. ಹೇಳಿದರೆ ಸೂತಕ, ಗುಡಿಯ ಹೊಸಿಲು ತುಳಿಯುವ ಹಾಗಿಲ್ಲ. ಹೋಟೆಲಿನ ಎಸಿ ರೂಮಿನಲ್ಲಿ ಗೋಡೆಗೆ ಒರಗಿ ಕೂರಬೇಕು. ನಮ್ಮ ಕಡೆ, ದೂರದಲ್ಲಿದ್ದವರಿಗೆ ಸಾವಿನ ಸುದ್ದಿ ಕಿವಿಗೆ ಬಿದ್ದಾಗಿನಿಂದ ಸೂತಕ ಎನ್ನುವ ಲೆಕ್ಕವಿದೆ. ಮದುವೆ ಮನೆಯಲ್ಲಿ ಹೆಣ್ಣಿನ ತಂದೆಗೆ ಗೊತ್ತಾಗದ ಹಾಗೆ ಸುದ್ದಿ ಮುಚ್ಚಿಟ್ಟು ಧಾರೆ ಮುಗಿಸಿದ್ದನ್ನು ನಾನೇ ನೋಡಿದ್ದೇನೆ. ಅತ್ತೆ ಕೇಳಿಲ್ಲ, ಆದ್ದರಿಂದ ಅವರಿಗೆ ಮೈಲಿಗೆ ಇಲ್ಲ. ಕೇಳಿದವಳು ನಾನು. ನಾನು ಒಳಗೆ ಹೋಗದಿದ್ದರೆ ಆಯಿತು. ಇಷ್ಟು ಯೋಚಿಸಿ, ಬಹಳ ಜಾಣೆ ಎಂದುಕೊಂಡು ತಲೆ ಬಾಚಿಕೊಂಡೆ.

ಡ್ರೈವರಿಗೆ ಐವತ್ತರ ಆಸುಪಾಸು. ನಗುಮುಖ, ಇಸ್ತ್ರಿ ಮಾಡಿದ ಅಂಗಿ, ನಿಧಾನದ ಇಂಗ್ಲಿಷು. ಅತ್ತೆ ಕಾರು ಹತ್ತಿದವರೇ ಕನ್ನಡದಲ್ಲಿ ತಿಂಡಿ ಆಯಿತಾ ಎಂದು ಕೇಳಿದರು. ಆತ ನಕ್ಕ. “ತಂಬಿ, ಸಾಪ್ಟಾಚ್ಚಾ?” ಎಂದು ಅದನ್ನೇ ತಮಿಳಿನಲ್ಲಿ ಕೇಳಿದರು. ಆತ ಮತ್ತೆ ನಕ್ಕ. “ತಿನ್ನಾವಾ ನಾಯ್ನಾ?” ಎಂದು ತೆಲುಗಿಗೆ ಬಂದರು. ಕೆಜಿಎಫ್‌ನಲ್ಲಿ ಬದುಕಿದವರ ನಂಬಿಕೆ ಇದು: ಕನ್ನಡ ಬರದಿದ್ದರೆ ತಮಿಳು, ತಮಿಳು ಬರದಿದ್ದರೆ ತೆಲುಗು, ಈ ಮೂರರಲ್ಲಿ ಒಂದೂ ಬಾರದ ಮನುಷ್ಯ ಇರುವುದಕ್ಕೆ ಸಾಧ್ಯವಿಲ್ಲ. ಆತ ಅತ್ತೆಯ ಧ್ವನಿಯ ಧಾಟಿಯಿಂದಲೇ ಪ್ರಶ್ನೆ ಹಿಡಿದು ಹೊಟ್ಟೆ ತಟ್ಟಿ ತೋರಿಸಿದ, ಆಗಿದೆ ಎಂದು. ಅತ್ತೆ ನನ್ನತ್ತ ತಿರುಗಿ, “ನೋಡ್ದಾ, ತೆಲುಗು ಬತ್ತದೆ,” ಎಂದರು.

ಸ್ವಲ್ಪ ದೂರ ಹೋದ ಮೇಲೆ ಅತ್ತೆ ಒಂದು ಸಂಗತಿ ಕಂಡುಹಿಡಿದರು. ಅಕ್ಕಪಕ್ಕದ ಕಾರುಗಳಲ್ಲೆಲ್ಲ ಗಾಜಿನ ಕೆಳಗೆ ಹೊಸ ಹೂವಿನ ತಟ್ಟೆ ಇದೆ, ಇವರ ಕಾರಿನಲ್ಲಿ ಮಾತ್ರ ಇಲ್ಲ. ಏಕೆ ಎಂದು ಕೇಳು ಎಂದರು. ಕೇಳಿದೆ. ಮನೆಯಲ್ಲಿ ಚಿಕ್ಕಪ್ಪ ತೀರಿಕೊಂಡಿದ್ದಾರೆ, ಶಾಸ್ತ್ರಗಳು ಮುಗಿಯುವವರೆಗೆ ನಾವು ಪೂಜೆಗೆ ಕೈ ಹಾಕುವುದಿಲ್ಲ, ಗುಡಿಯೊಳಕ್ಕೂ ಬರುವುದಿಲ್ಲ, ಬಾಗಿಲವರೆಗೆ ಕರೆದುಕೊಂಡು ಹೋಗಿ ಬಿಡುತ್ತೇನೆ ಎಂದ. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರಿಗೆ ಖುಷಿಯೋ ಖುಷಿ. ಸಮುದ್ರ ದಾಟಿ ಬಂದರೂ ಸೂತಕ ನಮ್ಮ ಹಾಗೇ ಇದೆಯಲ್ಲ, ಇದನ್ನು ಅಕ್ಕನಿಗೆ ಮೊದಲು ಹೇಳಬೇಕು ಎಂದರು.

ಮೊದಲನೆಯದು ಒಂದು ಊರಿನ ಹಳೆಯ ಗುಡಿ. ಅದರ ಹೆಬ್ಬಾಗಿಲನ್ನು ನೋಡಿ ನಾನು ಬಾಯಿ ತೆರೆದು ನಿಂತೆ. ನಮ್ಮ ಗೋಪುರವನ್ನು ನೆತ್ತಿಯಿಂದ ಬುಡದವರೆಗೆ ಎರಡು ಸೀಳು ಮಾಡಿ, ಅತ್ತ ಒಂದು ಇತ್ತ ಒಂದು ಸರಿಸಿಟ್ಟ ಹಾಗಿದೆ. ನಡುವೆ ಆಕಾಶ. ಬೂದುಗಲ್ಲಿನ ಮೇಲೆ ಎಲೆ, ಬಳ್ಳಿ, ಕೋರೆಹಲ್ಲಿನ ಮುಖ, ಅವುಗಳ ಮೇಲೆ ನಿಜವಾದ ಪಾಚಿ. ಕಾವಲು ವಿಗ್ರಹಗಳಿಗೆ ಕಪ್ಪು ಬಿಳುಪು ಚೌಕುಳಿ ಬಟ್ಟೆ ಉಡಿಸಿ, ಕಿವಿಗೆ ಕೆಂಪು ದಾಸವಾಳ ಸಿಕ್ಕಿಸಿದ್ದರು. ಬಾಗಿಲಲ್ಲಿ ಎಲ್ಲರಿಗೂ ಸೊಂಟಕ್ಕೆ ವಸ್ತ್ರ ಕಟ್ಟುತ್ತಾರೆ. ಅತ್ತೆಯ ಸೀರೆಯನ್ನು ನೋಡಿ ವಸ್ತ್ರ ಕಟ್ಟುವ ಹೆಂಗಸರು ಮೆಚ್ಚಿ ಮುಟ್ಟಿಮುಟ್ಟಿ ನೋಡಿದರು, ಬರೀ ಒಂದು ಹಳದಿ ನಡುಪಟ್ಟಿ ಬಿಗಿದರು. ನಾನು ಕಾಲು ನೋವು ಎಂದೆ. “ನಿಂಗ್ಯಾವಾಗಿಂದ ಕಾಲ್ನೋವು?” ಎಂದು ಅತ್ತೆ ಕೇಳಿದರು, ಆದರೆ ಉತ್ತರಕ್ಕೆ ನಿಲ್ಲಲಿಲ್ಲ. ಹೂವಿನ ತಟ್ಟೆ ಮಾರುವ ಹೆಂಗಸು ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಅರ್ಧ ಗಂಟೆಯಾದ ಮೇಲೆ ಹೊರಗೆ ಬಂದರು. ಹಣೆಯ ಮೇಲೆ ಒದ್ದೆ ಅಕ್ಕಿಕಾಳು ಅಂಟಿಸಿದ್ದರು, ಕಿವಿಯ ಹಿಂದೆ ದೇವಕಣಗಿಲೆ ಹೂವು. ಆ ಹೆಂಗಸು ತಮಗೆ ಕೂರುವುದನ್ನು, ಹೂವನ್ನು ಬೆರಳ ತುದಿಯಲ್ಲಿ ಹಿಡಿದು ತಲೆಯ ಮೇಲೆ ಎತ್ತುವುದನ್ನು ಕಲಿಸಿಕೊಟ್ಟಳು ಎಂದರು. ಮುಂದಕ್ಕೆ ನಾನು ಕೇಳಲು ಹೋದಾಗ ತಡೆದರು. ಒಂದು ಸಲ ಹೇಳಿಬಿಟ್ಟರೆ ರುಚಿ ಹೋಗುತ್ತದೆ, ಅಕ್ಕನಿಗೆ ಹೇಳುವಾಗ ನೀನೂ ಬಂದು ಕೂತುಕೋ ಎಂದರು. ನಾನು ಕಾರಿನ ಕಿಟಕಿಯ ಕಡೆ ತಿರುಗಿದೆ. ಗದ್ದೆಗಳು ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತಿದ್ದವು, ಅವುಗಳ ಬದುವಿನಲ್ಲೂ ಪುಟ್ಟ ಗುಡಿಗಳು. ಚೆನ್ನಾಗಿದ್ದವು. ನನಗೆ ಗಂಡನ ಮೇಲೆ ಕೆಟ್ಟ ಕೋಪ ಬಂತು.

ಎರಡನೆಯ ಗುಡಿಯ ಸುತ್ತ ನೀರಿನ ಕಂದಕ, ಅದರ ತುಂಬ ತಾವರೆ. ಗೋಡೆಯಾಚೆ ಕರಿಯ ನಾರಿನ ಮಾಡು ಹೊದಿಸಿದ ಗೋಪುರಗಳು, ಒಂದರ ಮೇಲೊಂದು ಕೊಡೆ ಬಿಚ್ಚಿಟ್ಟ ಹಾಗೆ. ಎಣಿಸಿದೆ, ಒಂದಕ್ಕೆ ಹನ್ನೊಂದು ಮಾಡು. ಗಾಳಿಗೆ ಎಲ್ಲೋ ಬಿದಿರು ಗಂಟೆ ಸದ್ದು ಮಾಡುತ್ತಿತ್ತು. ನಾನು ನೋಡಿದ ಗುಡಿಗಳಲ್ಲಿ ಅಷ್ಟು ಅಚ್ಚುಕಟ್ಟಾದದ್ದು, ಅಷ್ಟು ಸಾವಧಾನವಾದದ್ದು ಇನ್ನೊಂದಿಲ್ಲ. ಅಲ್ಲಿ ಯಾರೂ ಯಾರನ್ನೂ ತಳ್ಳುವುದಿಲ್ಲ. ಇಲ್ಲಿ ನಾನು ಊರಿಗೆ ಫೋನು ಮಾಡಬೇಕು, ನೀವು ಹೋಗಿ ಬನ್ನಿ ಎಂದೆ. ಅತ್ತೆ ಈ ಸಲ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಒಬ್ಬರೇ ಸೇತುವೆ ದಾಟಿ ಹೋದರು.

ಡ್ರೈವರು ಕಂದಕದ ಈಚೆಗೇ ನಿಂತು, ಟೋಪಿ ತೆಗೆದು, ಗುಡಿಯ ಕಡೆ ಕೈ ಜೋಡಿಸಿದ. ಮುಚ್ಚುಮರೆಯಿಲ್ಲದೆ, ಮುಜುಗರವಿಲ್ಲದೆ, ಹೊರಗೆ ನಿಲ್ಲುವುದೂ ಪೂಜೆಯ ಒಂದು ಭಾಗವೇ ಎನ್ನುವ ಹಾಗೆ. ಆಮೇಲೆ ನನ್ನ ಪಕ್ಕದ ಕಟ್ಟೆಯ ಮೇಲೆ ಕೂತು, ನೀವೇಕೆ ಹೋಗುವುದಿಲ್ಲ ಎಂದು ಕೇಳಿದ. ಬೆಳಿಗ್ಗೆಯಿಂದ ಯಾರಿಗೂ ಹೇಳದಿದ್ದದ್ದನ್ನು ಆ ಅಪರಿಚಿತನಿಗೆ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಹೇಳುತ್ತ ನನಗೆ ಅಳು ಬಂತು. ಆತ ಬುದ್ಧಿ ಹೇಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನೀರಿನ ಬಾಟಲಿ ಕೊಟ್ಟ. ಸ್ವಲ್ಪ ಹೊತ್ತಾದ ಮೇಲೆ, ಮಣ್ಣು ಎಷ್ಟು ಗಂಟೆಗೆ ಎಂದು ಮಾತ್ರ ಕೇಳಿದ.

ನಮ್ಮ ಮೂರು ಗಂಟೆ ಎಂದರೆ ಅಲ್ಲಿಯ ಐದೂವರೆ. ಅಲ್ಲಿಯವರೆಗೆ ಫೋನಿನಲ್ಲಾದರೂ ಅತ್ತೆಗೆ ಅಕ್ಕನ ಮುಖ ತೋರಿಸಬಹುದು. ಆಮೇಲೆ ಆ ಮುಖ ಇಲ್ಲ. ಬೆಳಿಗ್ಗೆ ಸೂತಕದ ಲೆಕ್ಕವನ್ನೆಲ್ಲ ಹಾಕಿದ ನನಗೆ ಇದು ಹೊಳೆದೇ ಇರಲಿಲ್ಲ. ಸತ್ತವರ ಮುಖ ನೋಡಲು ನಮ್ಮ ಜನ ಲಾರಿ ಹತ್ತಿ ಬರುತ್ತಾರೆ, ನಡು ಮಳೆಯಲ್ಲಿ ನಡೆದು ಬರುತ್ತಾರೆ. ಈಗಲೇ ಹೇಳಿಬಿಡೋಣ ಎಂದು ಎದ್ದು ನಿಂತೆ. ಆಗ ಸೇತುವೆಯ ಮೇಲೆ ಅತ್ತೆ ಬರುವುದು ಕಾಣಿಸಿತು, ಮುಖವೆಲ್ಲ ಬೆಳಗುತ್ತಿತ್ತು. ಕಾರಿನ ಬಾಗಿಲು ತೆರೆದು ಹಿಡಿದೆ.

ಮೂರನೆಯದು ಬುಗ್ಗೆಯ ಗುಡಿ. ಅದರ ಹೆಸರಿನಲ್ಲೇ ತೀರ್ಥ ಎಂಬ ಮಾತಿದೆ. ಡ್ರೈವರು ‘ತೀರ್ತ’ ಎಂದಾಗ ಅತ್ತೆ ಅವನ ಬೆನ್ನು ತಟ್ಟಿದರು. ಮರಳಿನಿಂದ ನೀರು ಉಕ್ಕುತ್ತದೆ, ಕಲ್ಲಿನ ದೋಣಿಬಾಯಿಗಳ ಸಾಲಿನಿಂದ ಕೊಳಕ್ಕೆ ಬೀಳುತ್ತದೆ, ಜನ ಎದೆಮಟ್ಟದ ನೀರಿನಲ್ಲಿ ಸಾಲಾಗಿ ನಿಂತು ಒಂದೊಂದಕ್ಕೂ ತಲೆಯೊಡ್ಡುತ್ತಾರೆ ಎಂದು ಆತ ದಾರಿಯುದ್ದಕ್ಕೂ ಹೇಳಿದ್ದ. ಅತ್ತೆ ಬದಲಿ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ತಯಾರಾಗಿದ್ದರು. ಬಾಗಿಲ ಬಳಿ ಫಲಕವಿತ್ತು, ಮುಟ್ಟಾದವರು ಬರಬಾರದು ಎಂದು. ಅದನ್ನು ಓದಿ ಹೇಳಿ, ನನಗೆ ಅದೇ ಎಂದೆ. ಐವತ್ಮೂರು ವರ್ಷದವಳು, ನಿಂತು ಮೂರು ವರ್ಷವಾಗಿದೆ, ಅದು ಅತ್ತೆಗೂ ಗೊತ್ತು. ಸುಳ್ಳು ಹೇಳುವುದಕ್ಕೂ ಒಂದು ತಲೆ ಬೇಕು.

ಅತ್ತೆ ಬಾಗಿಲವರೆಗೆ ಹೋದರು. ಅಲ್ಲಿ ನಿಂತು ತಿರುಗಿ ನೋಡಿದರು. ಡ್ರೈವರು ಕಟ್ಟೆಯ ಮೇಲೆ, ಅವನಿಂದ ಒಂದು ಮಾರು ದೂರದಲ್ಲಿ ನಾನು. ಇಬ್ಬರೂ ಒಂದೇ ಗೆರೆಯ ಹೊರಗೆ ಕೂತಿದ್ದೆವು. ಅವನು ಏಕೆ ಹೊರಗೆ ಎಂದು ಬೆಳಿಗ್ಗೆ ನಾನೇ ಬಾಯಾರೆ ಅವರಿಗೆ ಹೇಳಿದ್ದೆ. ಅವರು ನಿಧಾನವಾಗಿ ವಾಪಸು ಬಂದರು. ನನ್ನ ಮುಂದೆ ನಿಂತರು.

“ಯಾರು?” ಎಂದರು.

ನಾನು ನೆಲ ನೋಡಿದೆ.

“ಅಕ್ಕನಾ?”

ತಲೆಯಾಡಿಸಿದೆ. ಅತ್ತೆ ನನ್ನ ಪಕ್ಕದಲ್ಲಿ ಕೂತರು. ನಾನು ಬೇಕಾದ್ದು ಬೇಡದ್ದು ಎಲ್ಲ ಒದರಿದೆ. ನಿಮಗೆ ಗೊತ್ತಿರಲಿಲ್ಲವಲ್ಲ, ಆದ್ದರಿಂದ ಮೈಲಿಗೆಯಿಲ್ಲ, ಗುಡಿಗೆ ಹೋದದ್ದು ತಪ್ಪಲ್ಲ, ನಿಮ್ಮ ಮಗ ಹೇಳಬೇಡ ಎಂದರು ಎಂದೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು.

“ಮೈಲ್ಗೆ ಇಲ್ಲ, ಸರಿ,” ಎಂದರು. “ಅಳೋದೂ ಇಲ್ದಂಗೆ ಮಾಡ್ಬುಟ್ರಲ್ಲೇ.”

ನಾನು ತಪ್ಪು ಮಾಡಿದ್ದೆ. ಅವರಿಗೆ ಒಂದು ದಿನದ ಸಂತೋಷ ಉಳಿಸುತ್ತೇನೆ ಎಂದುಕೊಂಡು, ಅವರ ಅಕ್ಕನ ಸಾವನ್ನು ಅವರಿಂದ ಬಚ್ಚಿಟ್ಟಿದ್ದೆ. ಯಜಮಾನರಿಗೆ ವಿಡಿಯೋ ಕರೆ ಮಾಡಿದೆ. ಹಳ್ಳಿಯ ಮನೆಯಂಗಳದಲ್ಲಿ ಜನ, ಶಾಮಿಯಾನದ ನೀಲಿ ಬೆಳಕು, ಯಾರದೋ ಅಳು. ಅವರು ಫೋನನ್ನು ಬಗ್ಗಿಸಿ ಹಿಡಿದರು. ದೊಡ್ಡತ್ತೆಯ ಹಣೆ ತುಂಬ ಅರಿಸಿನ ಕುಂಕುಮವಿಲ್ಲ, ಬರೀ ವಿಭೂತಿ. ಮುಖ ಮಾತ್ರ ಯಾವಾಗಲೂ ಕೇಳಲು ಕೂರುತ್ತಿದ್ದ ಹಾಗೇ ಒಂದು ಕಡೆಗೆ ವಾಲಿತ್ತು. ಅತ್ತೆ ಕನ್ನಡಕ ಹಾಕಿಕೊಂಡು, ತುಂಬಾ ಹೊತ್ತು, ಅರ್ಧಂಬರ್ಧ ಅಲ್ಲದೆ ನೋಡಿದರು. ಸಾಕು ಎಂದು ಫೋನು ಕೊಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ಸಾವು ಕೇಳಿದ ಮೇಲೆ ತಲೆಗೆ ನೀರು ಬೀಳಬೇಕು. ಒಳಗಿನ ತೀರ್ಥಕ್ಕೆ ಹೋಗುವ ಹಾಗಿಲ್ಲ. ನಾನು ಹೇಳದೆಯೇ ಡ್ರೈವರಿಗೆ ಅರ್ಥವಾಗಿತ್ತು. ಕಾರಿನಲ್ಲಿ ಸ್ವಲ್ಪ ಕೆಳಗೆ, ಊರಿನವರು ದಿನವೂ ಮೀಯುವ ಒಂದು ತೊರೆಯ ಬಳಿ ಕರೆದುಕೊಂಡು ಹೋದ. ಬಂಡೆಯಿಂದ ಬಿದಿರ ದೋಣಿಯಲ್ಲಿ ನೀರು ಬೀಳುತ್ತಿತ್ತು. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರಿಗೆ ಅವನು ಏನೋ ಹೇಳಿದ. ಅವರು ಬಟ್ಟೆ ಸರಿಸಿ ಜಾಗ ಬಿಟ್ಟರು, ಒಬ್ಬಳು ಅತ್ತೆ ಜಾರದ ಹಾಗೆ ಮೊಣಕೈ ಹಿಡಿದಳು. ಅವನು ಬೆನ್ನು ತಿರುಗಿಸಿ ಮೇಲೆ ರಸ್ತೆಗೆ ಹೋದ. ಅತ್ತೆ ಉಟ್ಟ ಸೀರೆಯಲ್ಲೇ ನೀರಿಗೆ ತಲೆಯೊಡ್ಡಿದರು, ಆಮೇಲೆ ನಾನು. ಯಾವ ದೇಶವೋ, ಯಾರೋ ಏನೋ, ಒಂದು ಮಾತೂ ಕೇಳದೆ ಆ ಜನ ನಮ್ಮ ದುಃಖಕ್ಕೆ ಜಾಗ ಮಾಡಿಕೊಟ್ಟರು. ಬಾಲಿಯ ಜನರನ್ನು ನಾನು ಮೆಚ್ಚಿದ್ದು ಅವರ ಗೋಪುರಗಳಿಗಿಂತ ಹೆಚ್ಚಾಗಿ ಇದಕ್ಕೆ.

ಬದಲಿ ಸೀರೆ ಉಟ್ಟು ಅತ್ತೆ ಕಾರಿನಲ್ಲಿ ಕೂತಾಗ ನಾಲ್ಕು ಗಂಟೆ. ಡ್ರೈವರು ಎಸಿ ಆರಿಸಿ ಕಿಟಕಿ ಇಳಿಸಿದ, ಚಳಿಯಾಗದಿರಲಿ ಎಂದು. ಅತ್ತೆಯ ಕೈಬೆರಳುಗಳು ಮಡಿಲಲ್ಲಿ ಏನನ್ನೋ ಎಣಿಸುತ್ತಿದ್ದವು. ಸೂತಕ ಹಿಡಿದ ದಿನಗಳೇನೋ ಎಂದುಕೊಂಡೆ.

“ಬೆಳಿಗ್ಗೆಯಿಂದ ಅಕ್ಕಂಗೆ ಅಂತಾನೆ ನೋಡ್ದೆ,” ಎಂದರು. “ಇನ್ಯಾರಿಗ್ ಏಳ್ಲಿ?”

ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿ, ಒದ್ದೆ ಕೂದಲಿನ ಅಡಿಯಿಂದ ನನ್ನನ್ನು ಈಗಷ್ಟೇ ಕಂಡವರ ಹಾಗೆ ನೋಡಿದರು.

“ನೀನೊಬ್ಳು ಯಾವ ಗುಡಿ ಒಳಿಕ್ಕೂ ಬರ್ನಿಲ್ಲ ಅಲ್ವಾ,” ಎಂದರು. “ಏಳ್ತೀನಿ, ಕೇಳು. ಮೊದ್ಲು ಬಾಗ್ಲು ದಾಟುತ್ಲೂ ಒಂದು ಅಂಗಳ. ನೆಲಕ್ಕೆಲ್ಲ ಉದುರಿದ ಹೂವು. ಯಾರೂ ಗುಡ್ಸಿಲ್ಲ. ಎದುರುಗಡೆ ಕಲ್ಲಿನ ಪೀಠ ಐತೆ, ಮೇಲೆ ದೇವ್ರೇ ಇಲ್ಲ. ಬರೀ ಖಾಲಿ ಪೀಠ. ದೇವ್ರು ಬಂದು ಕೂತ್ಕೊಳ್ಲಿ ಅಂತ ಬುಟ್ಟವ್ರೆ.”

ಅಲ್ಲಿಗೆ ನಿಲ್ಲಿಸಿದರು. ಕಾಯುತ್ತಿದ್ದರು. ನಾನು ಅಳುತ್ತಿದ್ದೆ, ಏತಕ್ಕೆ ಕಾಯುತ್ತಿದ್ದಾರೆ ಎಂದು ತಿಳಿಯಲಿಲ್ಲ.

“ಊಂ ಅನ್ನೇ,” ಎಂದರು ಅತ್ತೆ. “ನೀನು ಊಂ ಅನ್ದಿದ್ರೆ ಮುಂದಕ್ ಎಂಗ್ ಏಳ್ಲಿ?”

ನಾನು ಹೂಂ ಎಂದೆ.